ಗೇಮ್ ಮಾಡೋದು ಅರ್ಧ ಕೆಲಸ, ಜನರಿಗೆ ತೋರಿಸೋದು ಇನ್ನರ್ಧ!

2020ರ ಲಾಕ್‌ಡೌನ್ ದಿನಗಳು ನೆನಪಿವೆಯಾ? ಕಾಲೇಜು ಬಾಗಿಲು ಹಾಕಿತ್ತು. ಆನ್‌ಲೈನ್ ಕ್ಲಾಸಿನಲ್ಲಿ ಎಲ್ಲರ ಕ್ಯಾಮೆರಾ ಆಫ್. ಆದರೆ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮಾತ್ರ ದಿನವಿಡೀ ಒಂದೇ ಜಗಳ: ‘ಇಂಪೋಸ್ಟರ್ ಯಾರು?’ ಬಾಹ್ಯಾಕಾಶ ನೌಕೆಯೊಳಗೆ ಓಡಾಡುವ ಬಣ್ಣಬಣ್ಣದ ಪುಟ್ಟ ಗೊಂಬೆಗಳ ಆ ಗೇಮ್ ಹೆಸರು ‘ಅಮಾಂಗ್ ಅಸ್’. ಅದು ಆಗಷ್ಟೇ ಬಂದಿದ್ದು ಅಂತಲೇ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದರು. ನಿಜ ಏನೆಂದರೆ, ಅದು ಬಿಡುಗಡೆಯಾಗಿದ್ದು 2018ರ ಜೂನ್‌ನಲ್ಲಿ!

ಅಮೆರಿಕದ ‘ಇನ್ನರ್‌ಸ್ಲಾತ್’ ಎಂಬ ಪುಟಾಣಿ ತಂಡ ಮಾಡಿದ ಆ ಗೇಮನ್ನು ಎರಡು ವರ್ಷ ಕೇಳುವವರೇ ಕಡಿಮೆ. ಮೊದಲು ದಕ್ಷಿಣ ಕೊರಿಯಾ, ಬ್ರೆಜಿಲ್‌ನ ಸ್ಟ್ರೀಮರ್‌ಗಳು ಅದನ್ನು ಆಡಿ ತೋರಿಸಿದರು. 2020ರ ಜುಲೈ ಹೊತ್ತಿಗೆ ಟ್ವಿಚ್‌ನ ದೊಡ್ಡ ಸ್ಟ್ರೀಮರ್‌ಗಳ ಕಣ್ಣಿಗೂ ಬಿತ್ತು. ಅಲ್ಲಿಂದ ಹಬ್ಬಿದ್ದು ನಮ್ಮೂರಿನವರೆಗೆ. ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಕೂಡ ಚುನಾವಣೆಯಲ್ಲಿ ಮತ ಹಾಕಿ ಎಂದು ಹೇಳಲು ಇದೇ ಗೇಮ್ ಆಡುತ್ತಾ ಲೈವ್ ಬಂದರು. ಗೇಮ್ ಅದೇ, ಆಟದ ಗಮ್ಮತ್ತೂ ಅದೇ. ಬದಲಾಗಿದ್ದು ನೋಡಿದವರ ಸಂಖ್ಯೆ.

ನಮ್ಮಲ್ಲಿ ‘ಎಲೆಮರೆಯ ಕಾಯಿ’ ಅಂತ ಹೊಗಳುತ್ತೇವಲ್ಲ, ಗೇಮ್ ಲೋಕದಲ್ಲಿ ಅದು ಹೊಗಳಿಕೆಯಲ್ಲ. ಅಲ್ಲಿ ಎಲೆಮರೆಯಲ್ಲೇ ಉಳಿದ ಕಾಯಿ ಹಣ್ಣಾಗಿ, ಉದುರಿ, ಕೊಳೆತೇ ಹೋಗುತ್ತದೆ.

ದಿನಕ್ಕೆ 50 ಗೇಮ್, ನೋಡೋರ್ಯಾರು?

ದೊಡ್ಡ ಕಂಪನಿಯ ದುಡ್ಡಿಲ್ಲದೆ ಒಬ್ಬರೋ ನಾಲ್ಕೈದು ಜನರೋ ಸೇರಿ ಸ್ವಂತ ಖರ್ಚಿನಲ್ಲಿ ಮಾಡುವ ಗೇಮ್‌ಗಳಿಗೆ ಇಂಡೀ ಗೇಮ್ ಅನ್ನುತ್ತಾರೆ. ಇವತ್ತು ಗೇಮ್ ಮಾಡೋಕೆ ಬೇಕಾದ ಸಲಕರಣೆಗೆ ಬರವಿಲ್ಲ. ‘ಗೋಡೋ’ ಎಂಬ ಗೇಮ್ ಎಂಜಿನ್ ಪೂರ್ತಿ ಉಚಿತ. ಕಲಿಸೋಕೆ ಯೂಟ್ಯೂಬ್ ಇದೆ. ಪ್ಲೇಸ್ಟೋರ್‌ನಲ್ಲಿ ಡೆವಲಪರ್ ಖಾತೆ ತೆರೆಯಲು ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು. ಕಂಪ್ಯೂಟರ್ ಗೇಮ್‌ಗಳ ಅತಿ ದೊಡ್ಡ ಅಂಗಡಿಯಾದ ‘ಸ್ಟೀಮ್’ನಲ್ಲಿ ಒಂದು ಗೇಮ್‌ಗೆ 100 ಡಾಲರ್.

ಬಾಗಿಲು ಇಷ್ಟು ದೊಡ್ಡದಾಗಿ ತೆರೆದಿರುವುದರಿಂದಲೇ ಒಳಗೆ ಕಾಲಿಡಲು ಜಾಗವಿಲ್ಲ. 2024ರಲ್ಲಿ ಸ್ಟೀಮ್ ಒಂದರಲ್ಲೇ 18 ಸಾವಿರಕ್ಕೂ ಹೆಚ್ಚು ಹೊಸ ಗೇಮ್‌ಗಳು ಬಂದವು. ಅಂದರೆ ದಿನಕ್ಕೆ ಸರಾಸರಿ 50. ಎರಡು ವರ್ಷ ನಿದ್ದೆಗೆಟ್ಟು ಮಾಡಿದ ಗೇಮ್ ಈ ಜಾತ್ರೆಯಲ್ಲಿ ಒಂದೇ ದಿನದಲ್ಲಿ ಕಳೆದುಹೋಗಬಹುದು. ಹೋರ್ಡಿಂಗ್, ಟೀವಿ ಜಾಹೀರಾತು ನಮ್ಮಂಥವರ ಕೈಗೆಟುಕುವುದಲ್ಲ. ಉಳಿದಿರುವುದು ಒಂದೇ ದಾರಿ, ಜೇಬಿನಲ್ಲಿರುವ ಫೋನು. ಹಿಂದೆ ಟೂರಿಂಗ್ ಟಾಕೀಸಿನವರು ಗಾಡಿಗೆ ಮೈಕ್ ಕಟ್ಟಿ, ಓಣಿ ಓಣಿಯಲ್ಲಿ ಹ್ಯಾಂಡ್‌ಬಿಲ್ ಎಸೆಯುತ್ತಾ ಹೋಗುತ್ತಿದ್ದರಂತೆ. ಇವತ್ತಿನ ಆ ಗಾಡಿ ಇನ್‌ಸ್ಟಾಗ್ರಾಮ್ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್, ಎಕ್ಸ್, ರೆಡಿಟ್, ಡಿಸ್ಕಾರ್ಡ್.

ಇದರಲ್ಲಿ ಗೆದ್ದವರ ಕಥೆ ಕೇಳಿದರೆ ಆಸೆಯಾಗುತ್ತದೆ. ಬ್ರಿಟನ್ನಿನಲ್ಲಿದ್ದ ಇಟಲಿ ಮೂಲದ ಲೂಕಾ ಗಲಾಂಟೆ 2021ರ ಡಿಸೆಂಬರ್‌ನಲ್ಲಿ ‘ವ್ಯಾಂಪೈರ್ ಸರ್ವೈವರ್ಸ್’ ಎಂಬ ಗೇಮನ್ನು ಸ್ಟೀಮ್‌ಗೆ ಹಾಕಿದರು. ಬೆಲೆ ಮೂರು ಡಾಲರ್‌ಗೂ ಕಡಿಮೆ. ನೋಡಲು 80ರ ದಶಕದ ವಿಡಿಯೊ ಗೇಮ್‌ನಂತಿತ್ತು. ಜನವರಿಯಲ್ಲಿ ಸಣ್ಣ ಗೇಮ್‌ಗಳನ್ನೇ ಹುಡುಕಿ ಆಡುವ ಯೂಟ್ಯೂಬರ್‌ಗಳು ಅದನ್ನು ತೋರಿಸಿದ್ದೇ ತಡ, ಕೆಲವೇ ವಾರಗಳಲ್ಲಿ ಒಂದೇ ಹೊತ್ತಿಗೆ ಹತ್ತಾರು ಸಾವಿರ ಜನ ಆಡತೊಡಗಿದರು. 2023ರಲ್ಲಿ ಅದೇ ಗೇಮ್ ಕೋಟಿ ಕೋಟಿ ಬಜೆಟ್‌ನ ಗೇಮ್‌ಗಳನ್ನು ಹಿಂದಿಕ್ಕಿ ಬಾಫ್ಟಾದ ‘ಅತ್ಯುತ್ತಮ ಗೇಮ್’ ಪ್ರಶಸ್ತಿ ಪಡೆಯಿತು.

ಕೆನಡಾದ ‘ಲೋಕಲ್‌ಥಂಕ್’ ಕಥೆ ಇನ್ನೂ ಮಜಾ. ಇದು ಅವರ ನಿಜ ಹೆಸರಲ್ಲ. ಇಸ್ಪೀಟ್ ಎಲೆಗಳ ‘ಬಲಾಟ್ರೊ’ ಮಾಡಿದ ಇವರು ತಮ್ಮ ಮುಖವನ್ನೇ ಲೋಕಕ್ಕೆ ತೋರಿಸಿಲ್ಲ. ಆದರೂ 2024ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಗೇಮ್ ಒಂದೇ ತಿಂಗಳಲ್ಲಿ 10 ಲಕ್ಷ ಪ್ರತಿ ಮಾರಾಟವಾಯಿತು. ಮೊದಲೇ ಬಿಟ್ಟಿದ್ದ ಉಚಿತ ಡೆಮೊವನ್ನು ಸ್ಟ್ರೀಮರ್‌ಗಳು ಬಿಡದೆ ಆಡಿದ್ದೇ ಅದಕ್ಕೆ ಪ್ರಚಾರವಾಯಿತು. ಪ್ರಚಾರ ಅಂದರೆ ನಾವೇ ಕ್ಯಾಮೆರಾ ಮುಂದೆ ನಿಂತು ಕುಣಿಯಬೇಕು ಅಂತೇನಿಲ್ಲ ಎಂದು ನಾಚಿಕೆ ಸ್ವಭಾವದವರು ಇದರಿಂದ ಧೈರ್ಯ ತಂದುಕೊಳ್ಳಬಹುದು!

ಲೈಕ್ ಬೇರೆ, ವಿಶ್‌ಲಿಸ್ಟ್ ಬೇರೆ

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಗೇಮ್ ಮುಗಿದ ಮೇಲೆ ಪ್ರಚಾರ ಶುರು ಮಾಡೋದಲ್ಲ, ಗೇಮ್ ಜೊತೆಗೇ ಶುರು ಮಾಡೋದು. ಸ್ಟೀಮ್‌ನಲ್ಲಿ ಗೇಮ್ ಬಿಡುಗಡೆಗೆ ಎಷ್ಟೋ ತಿಂಗಳು ಮೊದಲೇ ಅದರ ಪುಟ ತೆರೆಯಬಹುದು. ಇಷ್ಟಪಟ್ಟವರು ಅದನ್ನು ವಿಶ್‌ಲಿಸ್ಟ್‌ಗೆ ಸೇರಿಸಿಕೊಂಡರೆ, ಬಿಡುಗಡೆಯ ದಿನ ಅವರಿಗೆಲ್ಲ ಸ್ಟೀಮ್ ತಾನೇ ಇಮೇಲ್ ಕಳಿಸುತ್ತದೆ. ರೀಲ್‌ಗೆ ಬಿದ್ದ ಸಾವಿರ ಲೈಕ್ ಮರುದಿನ ಯಾರಿಗೂ ನೆನಪಿರುವುದಿಲ್ಲ. ವಿಶ್‌ಲಿಸ್ಟ್ ಆರು ತಿಂಗಳಾದ ಮೇಲೂ ಕೆಲಸ ಮಾಡುತ್ತದೆ. ಆದ್ದರಿಂದ ಪ್ರತಿ ವಿಡಿಯೊ ಕೊನೆಗೂ ಆ ಪುಟದ ಕಡೆ ಬೆರಳು ತೋರಿಸಬೇಕು.

ಎರಡನೆಯದು, ಮೊದಲ ಮೂರು ಸೆಕೆಂಡ್. ಹೆಬ್ಬೆರಳು ಸ್ಕ್ರೀನ್ ಮೇಲೆ ಜಾರುವ ವೇಗದಲ್ಲಿ ನಿಮ್ಮ ಸ್ಟುಡಿಯೊದ ಲೋಗೊ ನೋಡಲು ಯಾರಿಗೂ ಪುರುಸೊತ್ತಿಲ್ಲ. ‘ಅನ್‌ಟೈಟಲ್ಡ್ ಗೂಸ್ ಗೇಮ್’ ಎಂಬ ಆಸ್ಟ್ರೇಲಿಯಾದ ಗೇಮ್ ನೋಡಿ. ಒಂದು ಬಾತುಕೋಳಿ ಶಾಂತವಾದ ಹಳ್ಳಿಗೆ ಹೋಗಿ ತೋಟದವನ ಬೀಗದ ಕೈ ಕದ್ದು ಗೋಳು ಹೊಯ್ದುಕೊಳ್ಳುತ್ತದೆ. ಇಷ್ಟೇ ಕಥೆ. 2017ರಲ್ಲಿ ಅದರ ಪುಟ್ಟ ವಿಡಿಯೊ ಬಂದಾಗ ಯಾರಿಗೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ನೋಡಿದವರು ನಕ್ಕರು, ಇನ್ನೊಬ್ಬರಿಗೆ ಕಳಿಸಿದರು. ಒಂದೇ ಸಾಲಿನಲ್ಲಿ ಹೇಳಿದಾಗ ಎದುರಿಗಿದ್ದವರು ‘ಹೌದಾ! ತೋರ್ಸು’ ಅನ್ನಬೇಕು. ಹಾಗೆ ಅನ್ನದಿದ್ದರೆ ತಪ್ಪು ಅಲ್ಗಾರಿದಂನದ್ದಲ್ಲ.

ಮೂರನೆಯದು, ಎಲ್ಲಿ ಯಾರಿದ್ದಾರೆ ಅಂತ ನೋಡಿ ಹೋಗುವುದು. ಎಕ್ಸ್‌ನಲ್ಲಿ ಪ್ರತಿ ಶನಿವಾರ ‘ಸ್ಕ್ರೀನ್‌ಶಾಟ್ ಸ್ಯಾಟರ್ಡೇ’ ಎಂಬ ಹ್ಯಾಶ್‌ಟ್ಯಾಗ್ ಇರುತ್ತದೆ. ಅಲ್ಲಿ ಹಾಕಿದರೆ ನೋಡುವವರಲ್ಲಿ ಹೆಚ್ಚಿನವರು ನಮ್ಮ ಹಾಗೇ ಗೇಮ್ ಮಾಡುವವರು. ಬೆನ್ನು ತಟ್ಟುತ್ತಾರೆ, ಕೊಂಡುಕೊಳ್ಳುವವರು ಕಡಿಮೆ. ಅಡುಗೆ ಗೇಮ್ ಮಾಡಿದ್ದರೆ ಅಡುಗೆ ವಿಡಿಯೊ ನೋಡುವವರ ಬಳಿ, ರೈಲಿನ ಗೇಮ್ ಮಾಡಿದ್ದರೆ ರೈಲಿನ ಹುಚ್ಚಿರುವವರ ಬಳಿ ಹೋಗಬೇಕು. ರೆಡಿಟ್‌ನ ಒಂದೊಂದು ಗುಂಪಿಗೂ ಸ್ವಂತ ಪ್ರಚಾರದ ಬಗ್ಗೆ ಅದರದ್ದೇ ನಿಯಮ ಇರುತ್ತದೆ. ಓದದೆ ಲಿಂಕ್ ಎಸೆದು ಬಂದರೆ ಹೊರಗೆ ಹಾಕುತ್ತಾರೆ. ಎಲ್ಲ ಕಡೆ ಒಂದೇ ಪೋಸ್ಟನ್ನು ಮತ್ತೆ ಮತ್ತೆ ಹಾಕುತ್ತಿದ್ದರೆ ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಆಗುತ್ತೇವೆ ಅಷ್ಟೇ.

ನಾಲ್ಕನೆಯದು, ಸ್ಟ್ರೀಮರ್‌ಗಳು. ಕೋಟಿ ಸಬ್‌ಸ್ಕ್ರೈಬರ್ ಇರುವವರಿಗೆ ನೂರು ಮೇಲ್ ಕಳಿಸುವುದಕ್ಕಿಂತ, ನಮ್ಮಂಥದ್ದೇ ಗೇಮ್ ಆಡುವ ಐದು ಸಾವಿರ ಸಬ್‌ಸ್ಕ್ರೈಬರ್‌ನವರಿಗೆ ಹೆಸರು ಹಿಡಿದು ಬರೆದ ಒಂದು ಮೇಲ್ ಮೇಲು. ಹಾಗಂತ ಕೇಳಿದವರಿಗೆಲ್ಲ ಉಚಿತ ಕೀ ಕೊಡಬೇಡಿ. ದೊಡ್ಡ ಯೂಟ್ಯೂಬರ್ ಹೆಸರಿನಲ್ಲಿ ನಕಲಿ ಮೇಲ್ ಕಳಿಸಿ, ಸಿಕ್ಕ ಕೀಗಳನ್ನು ಮಾರಿಕೊಳ್ಳುವವರೂ ಇದ್ದಾರೆ. ಮೇಲ್ ಬಂದ ವಿಳಾಸ, ಆ ಚಾನೆಲ್‌ನಲ್ಲಿ ಕೊಟ್ಟಿರುವ ವಿಳಾಸ ಎರಡೂ ಒಂದೇನಾ ಎಂದು ನೋಡಿಯೇ ಮುಂದಿನ ಮಾತು.

ಬೆಳಕಿನ ಹಿಂದೆ ನೆರಳೂ ಇದೆ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ತೋರಿಸಿದ್ದನ್ನು ಗೆಳೆಯರಷ್ಟೇ ಅಲ್ಲ, ಕದಿಯುವವರೂ ನೋಡುತ್ತಾರೆ. ‘ತ್ರೀಸ್’ ಎಂಬ ಅಂಕಿಗಳ ಗೇಮನ್ನು ಅದರ ತಂಡ ಒಂದು ವರ್ಷಕ್ಕೂ ಹೆಚ್ಚು ಕಾಲ ತಿದ್ದಿ ತೀಡಿ 2014ರ ಫೆಬ್ರುವರಿಯಲ್ಲಿ ತಂದಿತು. ಕೆಲವೇ ವಾರಗಳಲ್ಲಿ ಅದೇ ಧಾಟಿಯ ‘2048’ ಉಚಿತವಾಗಿ ಬಂತು. ನಮ್ಮಲ್ಲಿ ಎಷ್ಟು ಜನ 2048 ಆಡಿದ್ದೀರಿ? ಎಷ್ಟು ಜನ ತ್ರೀಸ್ ಹೆಸರು ಕೇಳಿದ್ದೀರಿ? 2022ರ ಜನವರಿಯಲ್ಲಿ ‘ಅನ್‌ಪ್ಯಾಕಿಂಗ್’ ಗೇಮನ್ನು ನಕಲು ಹೊಡೆದ ಮೊಬೈಲ್ ಗೇಮ್ ಒಂದು ಆ್ಯಪ್ ಸ್ಟೋರ್ ಪಟ್ಟಿಯ ತುದಿಗೇ ಏರಿತ್ತು. ಅಸಲಿ ತಂಡ ಸಾಮಾಜಿಕ ಜಾಲತಾಣದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ, ಅವರ ಅಭಿಮಾನಿಗಳೂ ದನಿಗೂಡಿಸಿದರು, ನಕಲಿ ಮಾಯವಾಯಿತು. ಕಳ್ಳರಿಗೆ ದಾರಿ ಮಾಡಿಕೊಟ್ಟ ಜಾಲತಾಣವೇ ಇಲ್ಲಿ ಕಾವಲು ನಾಯಿಯೂ ಆಯಿತು.

ಇನ್ನೊಂದು ಅಪಾಯ, ಇಲ್ಲದ್ದನ್ನು ಇದೆ ಎನ್ನುವುದು. ‘ದ ಡೇ ಬಿಫೋರ್’ ಒಂದು ಕಾಲಕ್ಕೆ ಸ್ಟೀಮ್‌ನಲ್ಲಿ ಅತಿ ಹೆಚ್ಚು ವಿಶ್‌ಲಿಸ್ಟ್ ಆಗಿದ್ದ ಗೇಮ್. ಟ್ರೇಲರ್ ಕಣ್ಣು ಕುಕ್ಕುವಂತಿತ್ತು. 2023ರ ಡಿಸೆಂಬರ್ 7ರಂದು ಬಿಡುಗಡೆಯಾದಾಗ ಟ್ರೇಲರ್‌ನಲ್ಲಿದ್ದ ಗೇಮ್ ಅದರಲ್ಲಿರಲಿಲ್ಲ. ನಾಲ್ಕೇ ದಿನಕ್ಕೆ ಸ್ಟುಡಿಯೊ ಬಾಗಿಲು ಹಾಕುವುದಾಗಿ ಹೇಳಿತು, ಕೊಂಡವರ ಹಣ ವಾಪಸಾಯಿತು. ಪ್ರಚಾರ ಜನರನ್ನು ಬಾಗಿಲವರೆಗೆ ಕರೆತರುತ್ತದೆ. ಒಳಗೆ ಎಲೆ ಹಾಕಿ ಬಡಿಸಲು ಏನಾದರೂ ಇರಬೇಕಲ್ಲ?

ಎಲ್ಲಕ್ಕಿಂತ ಮನಸ್ಸಿಗೆ ತಟ್ಟುವುದು ವಿಯೆಟ್ನಾಂನ ಡಾಂಗ್ ನ್ಗುಯೆನ್ ಕಥೆ. 2013ರ ಮೇ ತಿಂಗಳಲ್ಲಿ ಬಂದ ಅವರ ‘ಫ್ಲಾಪಿ ಬರ್ಡ್’ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿತ್ತು. 2014ರ ಆರಂಭದಲ್ಲಿ ಜಗತ್ತಿಗೇ ಅದರ ಹುಚ್ಚು ಹಿಡಿಯಿತು. ಜಾಹೀರಾತಿನಿಂದ ದಿನಕ್ಕೆ 50 ಸಾವಿರ ಡಾಲರ್ ಬರುತ್ತಿತ್ತು ಎಂದು ಸುದ್ದಿಯಾಯಿತು. ಫೆಬ್ರುವರಿಯಲ್ಲಿ ಅವರು ಆ ಗೇಮನ್ನೇ ಕಿತ್ತುಹಾಕಿದರು. ಈ ಗಲಾಟೆಯಲ್ಲಿ ತಮ್ಮ ಸರಳ ಬದುಕು ಹಾಳಾಯಿತು ಎಂಬುದು ಅವರ ನೋವಾಗಿತ್ತು. ವೈರಲ್ ಆಗೋದು ಹೇಗೆ ಅಂತ ಹೇಳಿಕೊಡಲು ಸಾವಿರ ವಿಡಿಯೊ ಇವೆ. ವೈರಲ್ ಆದ ಮರುದಿನ ಹೇಗೆ ನಿದ್ದೆ ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ವಾರಕ್ಕಿಷ್ಟು ಗಂಟೆ ಪ್ರಚಾರಕ್ಕೆ ಎಂದು ಎತ್ತಿಟ್ಟು, ಉಳಿದ ಹೊತ್ತಿನಲ್ಲಿ ಕಾಮೆಂಟ್ ಎಣಿಸದೆ ಗೇಮ್ ಮಾಡುತ್ತಾ ಕೂರುವುದು ಒಳ್ಳೆಯದು.

ನಮ್ಮೂರ ಕಥೆ ಯಾರು ನೋಡ್ತಾರೆ?

ನಮ್ಮ ಹುಡುಗ ಹುಡುಗಿಯರಲ್ಲಿ ಗೇಮ್ ಮಾಡುವ ಹುಮ್ಮಸ್ಸಿದೆ. ಆದರೆ ಕನ್ನಡದ ಊರು, ಹಬ್ಬ, ಊಟ ಇಟ್ಟುಕೊಂಡು ಗೇಮ್ ಮಾಡಿದರೆ ಯಾರು ನೋಡುತ್ತಾರೆ ಎಂಬ ಅಳುಕೂ ಇದೆ. ಅದಕ್ಕೆ ‘ವೆಂಬಾ’ ಉತ್ತರ ಕೊಟ್ಟಿದೆ. 80ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬದ ತಾಯಿಯೊಬ್ಬಳು, ಹರಿದುಹೋದ ಅಮ್ಮನ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ, ಪುಟ್ಟು ಮಾಡುವ ಗೇಮ್ ಅದು. ಟೊರಾಂಟೊದ ಸಣ್ಣ ತಂಡ 2023ರಲ್ಲಿ ತಂದ ಈ ಗೇಮ್‌ಗೆ ಮರುವರ್ಷ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತ್ಯುನ್ನತ ಪ್ರಶಸ್ತಿಯೂ, ಚೊಚ್ಚಲ ಗೇಮ್‌ಗೆ ಕೊಡುವ ಬಾಫ್ಟಾವೂ ಬಂದವು. ಇಡ್ಲಿ ತಟ್ಟೆಯನ್ನು ಹೇಗೆ ಜೋಡಿಸಬೇಕು ಎಂಬ ನಮ್ಮ ಅಡುಗೆಮನೆಯ ಸಮಾಚಾರ ಜಗತ್ತಿಗೆ ಹೊಸ ಒಗಟಾಯಿತು! ಪುಣೆಯ ‘ನಾಡಿಂಗ್ ಹೆಡ್ಸ್’ ತಂಡ ಪುರಾಣದ ಹಿನ್ನೆಲೆಯ ‘ರಾಜಿ’ಗಾಗಿ 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೇಳಿದಾಗ ಗುರಿ ಮುಟ್ಟಲಿಲ್ಲ. ಅವರು ಕೈಬಿಡಲಿಲ್ಲ. 2020ರಲ್ಲಿ ಗೇಮ್ ಬಂತು, ಅದೇ ವರ್ಷ ‘ದ ಗೇಮ್ ಅವಾರ್ಡ್ಸ್’ನ ಚೊಚ್ಚಲ ಇಂಡೀ ವಿಭಾಗಕ್ಕೆ ನಾಮನಿರ್ದೇಶನವೂ ಆಯಿತು. ಹಾಗಿದ್ದರೆ ಚೌಕಾಬಾರ, ಅಳಗುಳಿಮನೆ, ಹುಲಿವೇಷ, ಮಲೆನಾಡಿನ ಮಳೆ ಇರುವ ನಮಗೆ ವಿಷಯಕ್ಕೆ ಕೊರತೆಯೇ?

ಈಗ ಓದುಗರ ಪಾಲಿನ ಕೆಲಸ. ನಿಮ್ಮ ಕ್ಲಾಸಿನಲ್ಲೋ ಬೀದಿಯಲ್ಲೋ ಯಾರಾದರೂ ಗೇಮ್ ಮಾಡಿದ್ದರೆ ‘ಸೂಪರ್ ಮಗಾ’ ಎಂದು ಕಾಮೆಂಟ್ ಹಾಕಿ ಸುಮ್ಮನಾಗಬೇಡಿ. ‘ಓದೋದು ಬಿಟ್ಟು ಗೇಮ್ ಅಂತೆ’ ಎಂಬ ಮಾತನ್ನು ಮನೆಯಲ್ಲಿ ದಿನಾ ಕೇಳಿಸಿಕೊಂಡೇ ಅವರು ಅದನ್ನು ಮುಗಿಸಿರುತ್ತಾರೆ. ಸ್ಟೀಮ್‌ನಲ್ಲಿ ಒಂದು ಗೇಮ್‌ಗೆ ಕನಿಷ್ಠ 10 ವಿಮರ್ಶೆ ಬಂದ ಮೇಲಷ್ಟೇ ಅದರ ಒಟ್ಟು ಅಭಿಪ್ರಾಯ ಪುಟದಲ್ಲಿ ಕಾಣುತ್ತದೆ. ಉಚಿತ ಕೀ ಪಡೆದವರ ವಿಮರ್ಶೆ ಆ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲೇ ದುಡ್ಡು ಕೊಟ್ಟು ಕೊಂಡವರದ್ದು ಮಾತ್ರ ಬರುತ್ತದೆ. ಹಾಗಾಗಿ ಫ್ರೆಂಡ್ ಅಲ್ವಾ ಅಂತ ಫ್ರೀ ಕೇಳಬೇಡಿ. ಒಂದು ಮಸಾಲೆ ದೋಸೆ, ಎರಡು ಕಾಫಿಯ ದುಡ್ಡಿನಲ್ಲಿ ಅದನ್ನು ಕೊಂಡು, ಆಡಿ, ಚೆನ್ನಾಗಿದ್ದರೆ ಚೆನ್ನಾಗಿದೆ, ಬೋರಾದರೆ ಎಲ್ಲಿ ಬೋರಾಯಿತು ಅಂತ ಪ್ರಾಮಾಣಿಕವಾಗಿ ನಾಲ್ಕು ಸಾಲು ಬರೆಯಿರಿ. ಅವರಿಗೆ ಬೇಕಾಗಿರುವುದು ಅಂಥ ಹತ್ತೇ ಹತ್ತು ಜನ.