ನಾಡದೋಣಿಯ ಬ್ಯಾಟರಿ ಮತ್ತು ವಯರಿಂಗ್

ಸಣ್ಣ ಮೀನುಗಾರಿಕೆ ದೋಣಿಯ ಜಿಪಿಎಸ್, ಫಿಶ್ ಫೈಂಡರ್, ವಿಎಚ್‌ಎಫ್ ವೈರ್‌ಲೆಸ್, ಸಂಚಾರ ದೀಪ, ತಳದ ನೀರೆತ್ತುವ ಪಂಪು ಎಲ್ಲವೂ ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯುತ್ತವೆ. ಮುಟ್ಟಿದರೆ ಶಾಕ್ ಹೊಡೆಯದ ಕರೆಂಟು ಎಂಬ ಕಾರಣಕ್ಕೆ ಇದರ ವಯರಿಂಗ್‌ನಲ್ಲಿ ಅಸಡ್ಡೆ ಹೆಚ್ಚು. ಆದರೆ ಶಾರ್ಟ್ ಆದ ಕ್ಷಣದಲ್ಲಿ ಇದೇ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ವಯರು ಕೆಂಪಗೆ ಕಾಯಲು ಕೆಲವೇ ಸೆಕೆಂಡು ಸಾಕು. ಪಕ್ಕದಲ್ಲೇ ಇಂಧನದ ಟ್ಯಾಂಕ್ ಇರುತ್ತದೆ.

ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂಬುದು ಲೆಕ್ಕದ ಮಾತು. ಜಿಪಿಎಸ್ ಮತ್ತು ಫಿಶ್ ಫೈಂಡರ್ ಸೇರಿ 1 ಆಂಪಿಯರ್, ಎಲ್‌ಇಡಿ ದೀಪಗಳಿಗೆ 1, ಕೇಳುತ್ತಾ ಇರುವ ವೈರ್‌ಲೆಸ್‌ಗೆ ಅರ್ಧ ಎಂದು ಹಿಡಿದರೆ, 10 ಗಂಟೆಗೆ 25 ಆಂಪಿಯರ್-ಗಂಟೆ ಬೇಕು. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಷ್ಯ ಕುಗ್ಗುವುದರಿಂದ, 60 ಆಂಪಿಯರ್-ಗಂಟೆಯದನ್ನು ಇಡುವುದು ಕ್ಷೇಮ. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ, 12.2 ತೋರಿಸಿದರೆ ಅರ್ಧ ಖಾಲಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯ ಫಲಕಗಳು ತೆಳು. ರಾತ್ರಿಯಿಡೀ ದೀಪ ಉರಿಸುವ ಕೆಲಸ ಅದರದಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಅನೇಕ ಸಣ್ಣ ಎಂಜಿನ್‌ಗಳಲ್ಲಿ ಚಾರ್ಜಿಂಗ್ ವ್ಯವಸ್ಥೆಯೇ ಇರುವುದಿಲ್ಲ. ಅಂಥ ದೋಣಿಯ ಬ್ಯಾಟರಿಯನ್ನು ದಡದಲ್ಲೇ ಚಾರ್ಜ್ ಮಾಡಬೇಕು.

ಬ್ಯಾಟರಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ, ಅಲುಗದಂತೆ ಬಿಗಿದ ಪಟ್ಟಿ, ಗಾಳಿಯಾಡುವ ಎತ್ತರದ ಜಾಗ ಬೇಕು. ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಷ್ಟಾದರೂ ಕಿಡಿ ತಾಗಿ ಹೊತ್ತಿಕೊಳ್ಳುತ್ತದೆ. ಆಸಿಡ್ಡಿಗೆ ಸಮುದ್ರದ ನೀರು ಸೇರಿದರೆ ವಿಷಕಾರಿ ಕ್ಲೋರಿನ್ ಏಳಬಹುದು.

ಪಾಸಿಟಿವ್ ವಯರಿನ ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸ್ ಕಾಯುವುದು ಮುಖ್ಯವಾಗಿ ವಯರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ. ಅದರ ನಂತರ ಮೇನ್ ಸ್ವಿಚ್, ಆಮೇಲೆ ಪ್ರತಿ ಉಪಕರಣಕ್ಕೂ ಪ್ರತ್ಯೇಕ ಫ್ಯೂಸ್. ತಾನಾಗಿ ಚಾಲೂ ಆಗುವ ಪಂಪಿಗೆ ಮಾತ್ರ, ಅದರದೇ ಫ್ಯೂಸ್ ಹಾಕಿ, ಮೇನ್ ಸ್ವಿಚ್ಚಿಗಿಂತ ಮೊದಲೇ ಕರೆಂಟು ಕೊಡಬೇಕು. ದಡದಲ್ಲಿ ಕಟ್ಟಿಟ್ಟ ದೋಣಿಗೆ ರಾತ್ರಿ ಮಳೆನೀರು ತುಂಬಿದಾಗ ಸ್ವಿಚ್ ಹಾಕಲು ಅಲ್ಲಿ ಯಾರೂ ಇರುವುದಿಲ್ಲ.

ವಯರಿನ ದಪ್ಪವನ್ನು ಹೆಚ್ಚಿನವರು ಅಂದಾಜಿನ ಮೇಲೆ ಆರಿಸುತ್ತಾರೆ, ತೊಂದರೆ ಅಲ್ಲಿಂದಲೇ ಶುರು. ಬ್ಯಾಟರಿಯಿಂದ 5 ಮೀಟರ್ ದೂರದ ವೈರ್‌ಲೆಸ್‌ಗೆ ಹೋಗಿ ಬರುವ ದಾರಿ 10 ಮೀಟರ್. ಮಾತಾಡುವಾಗ ಅದು ಸುಮಾರು 5 ಆಂಪಿಯರ್ ಎಳೆಯುತ್ತದೆ. 1 ಚದರ ಮಿಲಿಮೀಟರ್ ವಯರಿನಲ್ಲಿ ಆಗ ಸುಮಾರು 0.9 ವೋಲ್ಟ್ ದಾರಿಯಲ್ಲೇ ನಷ್ಟ, 2.5ರ ವಯರಿನಲ್ಲಿ 0.4ಕ್ಕಿಂತ ಕಡಿಮೆ. ತೆಳು ವಯರಿನ ವೈರ್‌ಲೆಸ್, ಬ್ಯಾಟರಿ ಸ್ವಲ್ಪ ಇಳಿದಿದ್ದರೂ, ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. 16ನೇ ಚಾನೆಲ್‌ನಲ್ಲಿ ಸಹಾಯ ಕೇಳಲು ಗುಂಡಿ ಒತ್ತಿದಾಗ ಆರಿಹೋಗಬಹುದು.

ಇಷ್ಟೆಲ್ಲ ಸರಿಯಿದ್ದರೂ ಕೈಕೊಡುವುದು ಜೋಡಣೆ. ಎರಡು ವಯರನ್ನು ತಿರುಚಿ ಟೇಪು ಸುತ್ತಿದರೆ ಉಪ್ಪುನೀರು ಟೇಪಿನ ಅಡಿ ನುಸುಳುತ್ತದೆ, ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆ ಕಿಲುಬು ಅಲ್ಲಿಗೇ ನಿಲ್ಲದೆ ಪ್ಲಾಸ್ಟಿಕ್ ಹೊದಿಕೆಯ ಒಳಗೂ ಹರಿಯುತ್ತದೆ. ಹೊರಗೆ ಹೊಸದರಂತೆ ಕಾಣುವ ವಯರನ್ನು ಸುಲಿದರೆ ಒಳಗಿನ ಎಳೆಗಳು ಕಪ್ಪಗೆ ಪುಡಿಪುಡಿ. ಅದಕ್ಕಾಗಿ ತವರದ ಲೇಪವಿರುವ, ಹಲವು ಎಳೆಗಳ ತಾಮ್ರದ ವಯರೇ ಬೇಕು. ತುದಿಗೆ ಲಗ್ ಇಟ್ಟು ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿದರೆ ನೀರು ಒಳನುಗ್ಗುವುದು ಕಷ್ಟ. ಮನೆ ವಯರಿಂಗ್‌ನ ಒಂಟಿ ಎಳೆಯ ತಂತಿ ದೋಣಿಯ ಕುಲುಕಾಟಕ್ಕೆ ತುಂಡಾಗುತ್ತದೆ.

ಸಂಚಾರ ದೀಪಗಳಿಗೆ 1972ರ ಅಂತರರಾಷ್ಟ್ರೀಯ ನಿಯಮವಿದೆ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು. 12 ಮೀಟರಿಗಿಂತ ಚಿಕ್ಕ ದೋಣಿಯ ಈ ಪಕ್ಕದ ದೀಪಗಳು ಕನಿಷ್ಠ 1 ನಾಟಿಕಲ್ ಮೈಲಿಗೆ ಕಾಣಬೇಕು. ದಿಕ್ಸೂಚಿಯ ಬಳಿ ಹಾಯುವ ಪಾಸಿಟಿವ್ ಮತ್ತು ನೆಗೆಟಿವ್ ವಯರುಗಳನ್ನು ಒಂದಕ್ಕೊಂದು ಹೆಣೆಯಬೇಕು, ಇಲ್ಲವಾದರೆ ಮುಳ್ಳು ತಪ್ಪು ದಿಕ್ಕು ತೋರಿಸಬಹುದು.

ಕೆಲಸ ಮುಗಿದ ಮೇಲೆ ಉಪಕರಣ ಚಾಲೂ ಇರುವಾಗಲೇ ಮಲ್ಟಿಮೀಟರ್ ಹಿಡಿದು ನೋಡಬೇಕು. ಬ್ಯಾಟರಿಯ ತುದಿಯಲ್ಲಿ 12.5 ವೋಲ್ಟ್ ಇದ್ದು ಉಪಕರಣದ ಬಳಿ 11 ಮಾತ್ರ ಸಿಕ್ಕರೆ, ಉಳಿದ ಒಂದೂವರೆ ವೋಲ್ಟ್ ನಡುವಿನ ತೆಳು ವಯರಿನಲ್ಲೋ ಕೆಟ್ಟ ಜೋಡಣೆಯಲ್ಲೋ ಶಾಖವಾಗಿ ಹೋಗುತ್ತಿದೆ. ಒಂದೊಂದೇ ಜೋಡಣೆಯ ಎರಡು ಬದಿಗೆ ಮೀಟರಿನ ಕಡ್ಡಿ ಇಟ್ಟರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ.