ನಾವು ಬರೆದ ಕೋಡ್ ಯಾರದ್ದು?

ಆಫೀಸ್ ಮುಗಿಸಿ ಬಂದು ರಾತ್ರಿ ಓಪನ್ ಸೋರ್ಸ್‌ಗೆ ಕೋಡ್ ಬರೆಯುವ ಹೊರನಾಡ ಕನ್ನಡಿಗರು ಅನೇಕರಿದ್ದೇವೆ. ಆ ಕೋಡ್ ಯಾರದ್ದು?

2024ರ ಮಾರ್ಚ್‌ನಲ್ಲಿ ಈ ಪ್ರಶ್ನೆ ರೆಡಿಸ್ ಡೇಟಾಬೇಸ್ ವಿಷಯದಲ್ಲಿ ಎದ್ದಿತು. ಬಿಎಸ್‌ಡಿ ಪರವಾನಗಿಯಲ್ಲಿದ್ದ ಅದಕ್ಕೆ ಕಂಪನಿ ನಿರ್ಬಂಧಗಳಿರುವ ಪರವಾನಗಿ ತಂದಿತು. ಕ್ಲೌಡ್ ಕಂಪನಿಗಳು ಇದನ್ನು ಮಾರಿ ಲಾಭ ಮಾಡಿಕೊಳ್ಳುತ್ತಿವೆ ಎಂಬುದು ಅದರ ವಾದ. ವರ್ಷಗಟ್ಟಲೆ ಕೋಡ್ ಕೊಟ್ಟ ಹೊರಗಿನ ಹಲವರು ಒಪ್ಪಲಿಲ್ಲ. ಎಂಟೇ ದಿನಗಳಲ್ಲಿ ಹಳೆಯ ಆವೃತ್ತಿಯಿಂದ ವಾಲ್ಕಿ ಎಂಬ ಕವಲು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಘೋಷಣೆಯಾಯಿತು. ಬಿಎಸ್‌ಡಿ ಇಬ್ಬರಿಗೂ ಅವಕಾಶ ಕೊಟ್ಟಿತ್ತು. 2025ರ ಮೇನಲ್ಲಿ ರೆಡಿಸ್ ಎಜಿಪಿಎಲ್ ಆಯ್ಕೆ ಸೇರಿಸಿ ಓಪನ್ ಸೋರ್ಸ್‌ಗೆ ಮರಳಿತು. ವಾಲ್ಕಿ ತನ್ನ ದಾರಿಯಲ್ಲೇ ಮುಂದುವರಿಯಿತು.

ಲಿನಕ್ಸ್ ಕರ್ನಲ್‌ನಲ್ಲಿ ಹೀಗಾಗುವುದು ಕಷ್ಟ. ಅಲ್ಲಿ ಸಾವಿರಾರು ಜನರ ಹಕ್ಕುಸ್ವಾಮ್ಯ ಹಂಚಿಹೋಗಿದೆ. ಜಿಪಿಎಲ್ ಎರಡನೇ ಆವೃತ್ತಿಯನ್ನು ಬಿಡಬೇಕಾದರೆ ಅವರೆಲ್ಲರ ಒಪ್ಪಿಗೆ ಬೇಕು.

ಹಾಗಾಗಿ ಮೊದಲ ಪ್ಯಾಚ್ ಕಳಿಸುವ ಮುನ್ನ ಪರವಾನಗಿಯನ್ನೂ, ಕೊಡುಗೆದಾರರ ಒಪ್ಪಂದವಿದ್ದರೆ ಅದನ್ನೂ ಓದಿ. ನಾಳೆ ನಿಯಮ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಅಲ್ಲಿ ತಿಳಿಯುತ್ತದೆ. ನಿಮ್ಮ ನೌಕರಿಯ ಕರಾರನ್ನೂ ಒಮ್ಮೆ ತೆಗೆದು ನೋಡಿ. ಕೆಲವು ಕರಾರುಗಳ ಪ್ರಕಾರ ರಾತ್ರಿ ಮನೆಯಲ್ಲಿ ಬರೆದದ್ದೂ ಕಂಪನಿಯದ್ದೇ.