ಡಿಸ್ಚಾರ್ಜ್ ಆದ ಮೇಲೆ

ಬೆಂಗಳೂರು ಕಡೆಯಿಂದ ತುಮಕೂರಿಗೆ ಬರುವಾಗ ಕ್ಯಾತ್ಸಂದ್ರಕ್ಕೆ ಮುಂಚೆ ಸಿಗುವ ಊರು ಹಿರೇಹಳ್ಳಿ. ಹೆದ್ದಾರಿ, ರೈಲ್ವೆ ಸ್ಟೇಷನ್, ಕೈಗಾರಿಕಾ ಪ್ರದೇಶ ಎಲ್ಲವೂ ಇಲ್ಲಿವೆ. ತುಮಕೂರಿನ ಜಿಲ್ಲಾಸ್ಪತ್ರೆ ಬಸ್ಸಿಗೆ ದೂರವಲ್ಲ. ಲಕ್ವ ಹೊಡೆದ ದಿನ ಈ ಸಾಮೀಪ್ಯ ದೊಡ್ಡ ಮಾತು. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಕೊಡುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬಿದ್ದರೇ ಪ್ರಯೋಜನ. ಗುಬ್ಬಿಯ ಒಳಹಳ್ಳಿಯವರಿಗೂ ಕುಣಿಗಲ್ಲಿನ ಮೂಲೆಯವರಿಗೂ ಈ ಅನುಕೂಲ ಇಲ್ಲ.

ಆರು ತಿಂಗಳು ಕಳೆಯಲಿ, ಮೂರೂ ಕಡೆಯವರ ಪಾಡು ಒಂದೇ. ಬಿ.ಪಿ. ಮಾತ್ರೆ, ಹಾಸಿಗೆಯ ಪಕ್ಕ ಎಣ್ಣೆ ಸೀಸೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ. 'ಇನ್ನು ಇಷ್ಟೇ' ಅನ್ನುವ ತೀರ್ಮಾನಕ್ಕೆ ಮನೆಯವರು ಬಂದಿರುತ್ತಾರೆ. ಯಾರೋ ಹೇಳಿದರೆಂದು ಪಾರಿವಾಳದ ರಕ್ತ ಸವರಿದ್ದೂ ಆಗಿರುತ್ತದೆ.

ಚೇತರಿಕೆಯ ಬಹುಪಾಲು ಮೊದಲ ಮೂರರಿಂದ ಆರು ತಿಂಗಳಲ್ಲಿ ಆಗುತ್ತದೆ ಎಂಬುದು ನಿಜ. ಆಮೇಲೆ ಏನೂ ಆಗುವುದಿಲ್ಲ ಎಂಬುದು ಮಾತ್ರ ಸುಳ್ಳು. ವರ್ಷಗಳ ನಂತರವೂ ಅಭ್ಯಾಸ ಬಿಡದವರ ನಡಿಗೆ ಸುಧಾರಿಸುತ್ತದೆ, ಕೈ ಸ್ವಲ್ಪವಾದರೂ ಕೆಲಸಕ್ಕೆ ಬರುತ್ತದೆ. ಆ ಅಭ್ಯಾಸವನ್ನು ಆಸ್ಪತ್ರೆಯಲ್ಲಲ್ಲ, ಊರಿನಲ್ಲೇ, ಮನೆಯಲ್ಲೇ ನಡೆಸುವ ಪದ್ಧತಿಗೆ ಸಮುದಾಯ ಆಧಾರಿತ ಪುನರ್ವಸತಿ ಎನ್ನುತ್ತಾರೆ. 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಬೆಳೆಸಿದ ವಿಚಾರ ಇದು. ತಜ್ಞರಿಲ್ಲದ ಊರಿನಲ್ಲೂ ಮನೆಯವರೇ ಕಲಿಸಲು ಬರುವಂಥ ಕೈಪಿಡಿಯನ್ನು ಅದು 1989ರಲ್ಲಿ ತಂದಿತು. 2010ರ ಮಾರ್ಗಸೂಚಿ ಬರುವ ಹೊತ್ತಿಗೆ ಆರೋಗ್ಯದ ಜೊತೆ ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣಗಳೂ ಸೇರಿಕೊಂಡಿದ್ದವು. ಕರ್ನಾಟಕಕ್ಕೆ ಇದು ಹೊಸದಲ್ಲ. ಬೆಂಗಳೂರಿನಲ್ಲಿ 1959ರಿಂದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇದೆ, 1994ರಿಂದ ಮೊಬಿಲಿಟಿ ಇಂಡಿಯಾ ಇದೆ. ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯೊಂದನ್ನು ಡಾ. ಮಾಯಾ ಥಾಮಸ್ ಬೆಂಗಳೂರಿನಿಂದಲೇ ನಡೆಸಿಕೊಂಡು ಬಂದವರು.

ಹಳ್ಳಿಯ ಮಟ್ಟದಲ್ಲಿ ಈ ಪದ್ಧತಿಗೆ ಇರುವ ಮುಖ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರದು. ಪಂಚಾಯಿತಿಯಲ್ಲಿ ಎಲ್ಲರೂ ಕರೆಯುವುದು ವಿ.ಆರ್.ಡಬ್ಲ್ಯು ಎಂದೇ. ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳಿಗೆ ತಲಾ ಒಬ್ಬರು, ಅವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಎಂಬುದು ಏರ್ಪಾಡು. ಬಹುತೇಕರು ಸ್ವತಃ ಅಂಗವಿಕಲರು, ಕೈಗೆ ಬರುವುದು ಗೌರವಧನ. ಪೋಲಿಯೊ ಕಾಲಿನ ಕಾರ್ಯಕರ್ತ ಮೂರು ಚಕ್ರದ ಗಾಡಿಯಲ್ಲಿ ಬಂದು ಬಾಗಿಲಲ್ಲಿ ನಿಂತರೆ 'ನಿಮಗೇನ್ ಗೊತ್ತು ನಮ್ ಕಷ್ಟ' ಎಂದು ಯಾರೂ ಅನ್ನಲಾರರು.

ಮನೆಯಲ್ಲಿ ಮಾಡಿಸಬೇಕಾದ್ದಕ್ಕೆ ಯಂತ್ರ ಬೇಡ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ ಸಾಕು. ಅದರಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಬೇಕು, ಬಲ ಹೋದ ಕಡೆಯ ಪಾದ ಒಂದಿಷ್ಟು ಹಿಂದಕ್ಕಿರಬೇಕು. ಮೂಗು ಮೊಣಕಾಲಿನ ಮುಂದಕ್ಕೆ ಬರುವಷ್ಟು ಬಾಗಿ, ಕೈ ಊರದೆ ಏಳಬೇಕು. ಪಾದ ಹಿಂದಿದ್ದರೆ ಭಾರ ತಾನಾಗಿ ಅದರ ಮೇಲೆ ಬೀಳುತ್ತದೆ, ಸೋತ ಕಾಲಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಏಳುವುದಕ್ಕಿಂತ ನಿಧಾನವಾಗಿ ಕೂರುವುದೇ ಕಷ್ಟ, ದೊಪ್ಪನೆ ಬೀಳಬಾರದು. ಈ ಒಂದು ಚಲನೆ ಬಂದರೆ ಕಕ್ಕಸಿಗೆ ಹೋಗಿ ಬರುವ ಸ್ವಾತಂತ್ರ್ಯ ಅರ್ಧ ಬಂದಂತೆ. ಕೈಗಾದರೆ, ಮೊರದ ತುಂಬ ರಾಗಿ ಹಾಕಿ ಅದರೊಳಗೆ ಬೆರಳು ಆಡಿಸುವುದು, ಅಡಿಕೆ ಹುಡುಕಿ ತೆಗೆಯುವುದು. ಕಾಲ ಬಂದಾಗ ಅವರೆಕಾಯಿ ಬಿಡಿಸುವುದು. ಬೆರಳಿಗೆ ಇನ್ನೂ ಹದ ಬಂದರೆ ನೆನೆದ ಕಾಳು ಹಿತುಕುವುದು. ಹೆಬ್ಬೆರಳು, ತೋರುಬೆರಳು ಕೂಡಿ ಇಷ್ಟೇ ಒತ್ತಬೇಕು. ಹೆಚ್ಚಾದರೆ ಬೇಳೆ ಜಜ್ಜಿಹೋಗುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಮೆತ್ತನೆ ಚೆಂಡು ಹಿಸುಕುವುದಕ್ಕಿಂತ ಇದು ಎಷ್ಟೋ ಮೇಲು. ಚೆಂಡಿನಿಂದ ಸಾರಾಗುವುದಿಲ್ಲವಲ್ಲ!

ಮಾಡಬಾರದ್ದನ್ನು ಹೇಳಿಕೊಡುವುದೂ ಅಷ್ಟೇ ಮುಖ್ಯ. ಜೋತುಬಿದ್ದ ಕೈ ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲು ಜಾರುತ್ತದೆ, ಆ ನೋವಿಗೆ ಅಂಜಿ ಅಭ್ಯಾಸವೇ ನಿಂತುಹೋಗುತ್ತದೆ. ಊರುಗೋಲು ಹಿಡಿಯಬೇಕಾದ್ದು ಗಟ್ಟಿಯಿರುವ ಕೈಯಲ್ಲಿ. ಬಿ.ಪಿ. ಇಳಿಯಿತೆಂದು ಮಾತ್ರೆ ಬಿಟ್ಟರೆ ಎರಡನೇ ಸಲದ ಹೊಡೆತವನ್ನು ಕೈಯಾರೆ ಕರೆದಂತೆ. ಎಲ್ಲಕ್ಕಿಂತ ತಿದ್ದಲು ಕಷ್ಟವಾದದ್ದು ಪ್ರೀತಿ. 'ನೀವ್ ಸುಮ್ನಿರಿ, ನಾನ್ ತಿನ್ನಿಸ್ತೀನಿ' ಎನ್ನುವ ಹೆಂಡತಿ, 'ಮಾವ, ಅಲ್ಲೇ ಕೂತ್ಕೊಳಿ, ನೀರು ತರ್ತೀನಿ' ಎನ್ನುವ ಸೊಸೆ. ಬಳಸದ ಕೈಯನ್ನು ಮಿದುಳು ಕ್ರಮೇಣ ಲೆಕ್ಕಕ್ಕಿಡುವುದನ್ನೇ ಬಿಡುತ್ತದೆ.

ಹಾಗಾದರೆ ಮನೆಯವರಿಗೆ ಕಲಿಸಿಬಿಟ್ಟರೆ ಮುಗಿಯಿತೆ? ಇದನ್ನೇ ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. 'ಅಟೆಂಡ್' ಎಂಬ ಆ ಅಧ್ಯಯನದ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಕಲಿತ ಕುಟುಂಬ, ಕಲಿಯದ ಕುಟುಂಬ ಎರಡರಲ್ಲೂ ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಶೇ 47. ಅದು ಲಕ್ವ ಹೊಡೆದ ಹೊಸತರ ಮಾತು, ವರ್ಷ ಕಳೆದವರದಲ್ಲ. ಆದರೂ ಮನೆ ಮನೆ ಪುನರ್ವಸತಿ ಎಂದು ಭಾಷಣ ಮಾಡುವವರು ಈ ಅಂಕಿಯನ್ನು ಓದಲೇಬೇಕು. ಹೊಲ, ಹಾಲು, ಮಕ್ಕಳ ಶಾಲೆಯ ನಡುವೆ ಸೊಸೆಯೊಬ್ಬಳನ್ನೇ ಫಿಸಿಯೋಥೆರಪಿಸ್ಟ್ ಮಾಡಿ ಕೈತೊಳೆದುಕೊಳ್ಳುವುದಕ್ಕೆ ಸಮುದಾಯ ಎಂದು ಹೆಸರಿಡಬಾರದು. ಹೊರಗಿನವರೊಬ್ಬರು ತಿಂಗಳುಗಟ್ಟಲೆ ಬರುತ್ತಿರಬೇಕು, ಬಂದವರಿಗೆ ಏನು ನೋಡಬೇಕೆಂದು ಗೊತ್ತಿರಬೇಕು.

ತೊಡಕಿರುವುದು ಅಲ್ಲೇ. ವಿ.ಆರ್.ಡಬ್ಲ್ಯುಗಳ ದಿನ ಪಿಂಚಣಿ ಅರ್ಜಿ, ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡು, ಸಮೀಕ್ಷೆಯ ನಮೂನೆಗಳಲ್ಲಿ ಕಳೆಯುತ್ತದೆ. ಬಿ.ಪಿ. ನೋಡುವ ಆಶಾ ಕಾರ್ಯಕರ್ತೆ ಆರೋಗ್ಯ ಇಲಾಖೆಯವರು, ವಿ.ಆರ್.ಡಬ್ಲ್ಯು ವಿಕಲಚೇತನರ ಇಲಾಖೆಯವರು. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯುವೂ ಇದೆ. ಆದರೆ ಅದರ ಮುಖ ಆಸ್ಪತ್ರೆಯ ಕಡೆಗೆ. ಒಂದೇ ಮನೆಯ ಬಾಗಿಲಿಗೆ ಬರುವ ಆಶಾ, ವಿ.ಆರ್.ಡಬ್ಲ್ಯು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಲಕ್ವದ ಆರೈಕೆ ಕಲಿಸಿದರೆ ಹೊಸ ಹುದ್ದೆಯೇ ಬೇಕಾಗದು.

ಹಕ್ಕು ಇದೆ, ಕೇಳುವವರು ಕಡಿಮೆ. ಲಕ್ವವನ್ನು ಜನ ಕಾಯಿಲೆ ಎನ್ನುತ್ತಾರೆಯೇ ಹೊರತು ಅಂಗವೈಕಲ್ಯ ಎಂದುಕೊಳ್ಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ, ಲಕ್ವದಿಂದ ಉಳಿದ ಚಲನೆಯ ಊನ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕೆಂಬ ನಿಯಮವೂ ಇದೆ. ಕಕ್ಕಸಿನ ಗೋಡೆಗೊಂದು ಹಿಡಿಕೆ, ಕಮೋಡ್ ಕುರ್ಚಿ, ಹೊಸ್ತಿಲ ಮುಂದೆ ಸಣ್ಣ ಇಳಿಜಾರು, ಇವೇನು ಲಕ್ಷಗಟ್ಟಲೆ ಬಾಬತ್ತಲ್ಲ. ಇವಕ್ಕೆ ಮೊದಲು ಅಂಗವೈಕಲ್ಯ ಪ್ರಮಾಣಪತ್ರ ಆಗಬೇಕು. ಅದಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಹೇಳಿದ ದಿನ ಸರ್ಕಾರಿ ಆಸ್ಪತ್ರೆಯ ವೈದ್ಯರ ಮುಂದೆ ಹಾಜರಾಗಬೇಕು. ಹಿರೇಹಳ್ಳಿಯವರಿಗೆ ಅದು ಒಂದು ಬಸ್ಸಿನ ಮಾತು. ಒಳಹಳ್ಳಿಯವರಿಗೆ ಆಟೋ ಬಾಡಿಗೆ, ಎತ್ತಿ ಕೂರಿಸಲು ಇಬ್ಬರು ಗಂಡಾಳು, ಅವರಿಬ್ಬರ ಒಂದು ದಿನದ ಕೂಲಿ. ವೈದ್ಯರೇ ತಾಲ್ಲೂಕಿಗೆ ಬರುವ ಶಿಬಿರದ ದಿನವನ್ನು ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿಟ್ಟುಕೊಂಡರೆ ಈ ಖರ್ಚು ತಗ್ಗುತ್ತದೆ. ಹೋಗುವಾಗ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ, ಆಧಾರ್, ಫೋಟೋ ಜೊತೆಗಿರಲಿ.